ಸೊನ್ನೆ ನಂಬರಿನ ಹಿರಿಯ

ನಮ್ಮ ಜಾಲಿಗುಡ್ಡದಲ್ಲಿ ಮುನ್ನೂರ ಹನ್ನೆರಡು ಮಂದಿಗೆ ಉಸಿರು ತಂತಿಯಲ್ಲಿ ಬರುತ್ತದೆ. ಕರೆಂಟು ಬರುವ ಹಾಗೆ, ನಲ್ಲಿಯಲ್ಲಿ ನೀರು ಬರುವ ಹಾಗೆ. ನೀರು ಬರದಿದ್ದರೆ ಜನ ಪಂಚಾಯಿತಿಯವರನ್ನು ಬೈಯುತ್ತಾರೆ. ಉಸಿರು ಬರದಿದ್ದರೆ ನನ್ನನ್ನು ಬೈಯಬೇಕು, ಆದರೆ ಬೈಯುವುದಕ್ಕೂ ಉಸಿರು ಬೇಕಲ್ಲ! ಹೀಗೆ ತಮಾಷೆ ಮಾಡುತ್ತಿದ್ದವನು ನಾನೇ, ಗಾದಿಲಿಂಗ, ಗುಡ್ಡದ ಮೇಲಿನ ಕಂಟ್ರೋಲ್ ರೂಮಿನಲ್ಲಿ ಹದಿನೆಂಟು ವರ್ಷದಿಂದ ನೆಟ್‌ವರ್ಕ್ ನೋಡಿಕೊಳ್ಳುವವನು. ಈಗ ಆ ತಮಾಷೆ ಮಾಡುವುದನ್ನು ಬಿಟ್ಟಿದ್ದೇನೆ.

ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಲಾರಿಗಳು ಹೋದವು, ಸಾಹೇಬರು ಹೋದರು, ಕೆಂಪು ಧೂಳು ಮಾತ್ರ ಜನರ ಎದೆಯಲ್ಲಿ ಉಳಿಯಿತು. ಉಸಿರು ಎಳೆಯುವ ತ್ರಾಣವೇ ಇಲ್ಲದವರ ಸೊಂಟಕ್ಕೆ ಒಂದು ಪಟ್ಟಿ ಕಟ್ಟುತ್ತಾರೆ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿಗೆ ಅದು ಹೊತ್ತುಹೊತ್ತಿಗೆ ಚುರುಕು ಮುಟ್ಟಿಸಿ ಏಳಿಸುತ್ತದೆ, ಇಳಿಸುತ್ತದೆ. ಪಟ್ಟಿ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ರಕ್ತದಲ್ಲಿ ಗಾಳಿ ಎಷ್ಟಿದೆ, ಕೆಮ್ಮು ಬರುತ್ತಿದೆಯೋ, ತುತ್ತು ಗಂಟಲಲ್ಲಿದೆಯೋ, ಇದನ್ನೆಲ್ಲ ಅಳೆದು ಗುಡ್ಡದ ಮೇಲಿನ ಲೆಕ್ಕದ ಯಂತ್ರಕ್ಕೆ ಕಳಿಸುತ್ತದೆ. ಯಂತ್ರ 'ಈಗ ಎಳೆ, ಈಗ ಬಿಡು' ಎಂದು ಹೇಳಿಕಳಿಸುತ್ತದೆ. ಮೊದಮೊದಲ ಪಟ್ಟಿಗಳು ತಂತಿ ಕಡಿದರೂ ತಮ್ಮ ಪಾಡಿಗೆ ಎಳೆಯುತ್ತಲೇ ಇರುತ್ತಿದ್ದವು. ಒಮ್ಮೆ ಒಬ್ಬರು ಊಟ ಮಾಡುತ್ತಿದ್ದಾಗ ಹಾಗೆ ಎಳೆದು, ಅನ್ನ ಶ್ವಾಸನಾಳಕ್ಕೆ ಹೋಗಿ ತೀರಿಕೊಂಡರು. ಆಮೇಲಿನ ಪಟ್ಟಿಗಳು ತಂತಿ ಕಡಿದರೆ ನಲವತ್ತು ಸೆಕೆಂಡು ನಡೆಸಿ ನಿಂತುಬಿಡುತ್ತವೆ. ಆ ನಲವತ್ತನ್ನು ನಾವು ಬುತ್ತಿ ಎನ್ನುತ್ತೇವೆ. ಬುತ್ತಿ ಖಾಲಿಯಾದರೆ ಮತ್ತೆ ತುಂಬಲು ಹತ್ತು ನಿಮಿಷ ಬೇಕು. ಅದೂ ಇಲ್ಲದ ಹೊತ್ತಿಗೆ ಎಂದು ಪ್ರತಿ ಮನೆಯಲ್ಲೂ ಒಂದು ಗಾಳಿಚೀಲ ಮೊಳೆಗೆ ನೇತಾಡುತ್ತಿರುತ್ತದೆ. ಅದರ ಬಟ್ಟಲನ್ನು ಮೂಗು ಬಾಯಿಗೆ ಒತ್ತಿ, ಯಾರಾದರೂ ಕೈಯಿಂದ ಹಿಚುಕಬೇಕು.

ನಮ್ಮ ಅಕ್ಕ ಹಂಪಮ್ಮ ಈ ಊರಿನಲ್ಲಿ ಪಟ್ಟಿ ಕಟ್ಟಿಸಿಕೊಂಡ ಮೊದಲನೆಯವಳು. ಹನ್ನೆರಡು ವರ್ಷ ಅದಿರು ಕುಟ್ಟಿ ನನ್ನನ್ನು ಸಾಕಿ ಐಟಿಐ ಓದಿಸಿದವಳು. ಸುತ್ತಿಗೆ ಹಿಡಿದ ಬೆರಳುಗಳು ಸೆಟೆದುಹೋಗಿ ಈಗ ಲೋಟವೂ ನಿಲ್ಲುವುದಿಲ್ಲ. ಬಾಯಿ ಮಾತ್ರ ಸುತ್ತಿಗೆಯೇ. ಪಟ್ಟಿಯವರು ಉಸಿರು ಹೊರಗೆ ಬರುವಾಗಷ್ಟೇ ಮಾತಾಡಬಲ್ಲರು. ಮೂರು ನಾಲ್ಕು ಪದ, ಮತ್ತೆ ಮುಂದಿನ ಉಸಿರಿಗೆ ಕಾಯಬೇಕು. ಎದುರಿನವರೂ ಕಾಯುತ್ತಾರೆ. ನಡುವೆ ಬಾಯಿ ಹಾಕುವುದು ನಮ್ಮೂರಲ್ಲಿ ಮರ್ಯಾದೆಗೇಡಿತನ. ಜಗಳವಾಡುವಾಗ ಕೂಡ ಹಾಗೆಯೇ ಕಾಯುತ್ತಾರೆ, ಅದಕ್ಕೇ ನಮ್ಮೂರ ಜಗಳಗಳು ಮುಗಿಯುವುದೇ ಇಲ್ಲ.

ಆಯುಧ ಪೂಜೆಯ ದಿನ ಬೆಳಿಗ್ಗೆಯೂ ಅಕ್ಕ ಶುರು ಹಚ್ಚಿಕೊಂಡಳು.

"ಲೇ ಗಾದಿ, ಹಿರೇಮನುಷ್ಯಾಗ... ಈ ಸರ್ತೆ ಚೆಂಡುಹೂವಿನ ಹಾರ... ಹಾಕಬೇಕು ನೋಡು. ಹೋದ ವರ್ಷ... ಬರೇ ಕುಂಕುಮ ಬಳದು... ಕೈ ತೊಳಕೊಂಡಿ."

"ತಗಡಿನ ಡಬ್ಬಿಗೆ ಹಾರ ಒಂದು ಕಡಿಮಿ ಆಗಿತ್ತು" ಎಂದೆ.

"ನಿನಗ ತಗಡು. ನನಗ... ಮೊದಲ ಉಸಿರು ಕೊಟ್ಟಾತ. ಸುಮ್ನ ಹಾಕು."

ಒಲೆಯ ಮುಂದೆ ಹೋಳಿಗೆ ತಟ್ಟುತ್ತಿದ್ದ ನನ್ನ ಹೆಂಡತಿ ಈರಮ್ಮ ಅಲ್ಲಿಂದಲೇ ಕೂಗಿದಳು. "ರೀ, ಹೂವು ತಗೊಂಡು ನಡೀರಿ ಮೊದ್ಲು. ಅಕ್ಕನ ಜೋಡಿ ವಾದಕ್ಕ ನಿಂತ್ರ ಇವತ್ತ ಪೂಜೀನ ಆಗಂಗಿಲ್ಲ."

ಹಿರೇಮನುಷ್ಯ ಯಾರೆಂದು ಹೇಳುವ ಮೊದಲು ನನ್ನ ಕಸುಬನ್ನು ಸ್ವಲ್ಪ ಹೇಳಬೇಕು. ನೆಟ್‌ವರ್ಕಿನವರು ಸ್ವಿಚ್ ಎನ್ನುವುದು ಗೋಡೆಯ ಮೇಲಿನ ದೀಪದ ಸ್ವಿಚ್ಚಿಗೆ ಅಲ್ಲ. ಹಲವು ತಂತಿಗಳು ಕೂಡುವಲ್ಲಿ ಕೂತು, ಬಂದ ಸುದ್ದಿಯನ್ನು ಸರಿಯಾದ ದಾರಿಗೆ ದಾಟಿಸುವ ಡಬ್ಬಿ ಅದು. ಒಂದು ದಾರಿ ಕೆಟ್ಟರೆ ಇರಲಿ ಎಂದು ನಾವು ಎರಡು ದಾರಿ ಹಾಕಿರುತ್ತೇವೆ. ಆದರೆ ಎರಡೂ ಒಟ್ಟಿಗೆ ತೆರೆದಿದ್ದರೆ ಒಂದೇ ಸುದ್ದಿ ಗಾಣದ ಎತ್ತಿನ ಹಾಗೆ ಸುತ್ತಲು ಶುರುಮಾಡುತ್ತದೆ. ಒಂದು ಎರಡಾಗಿ, ಎರಡು ಸಾವಿರವಾಗಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಊರಿನ ತಂತಿಯೆಲ್ಲ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಹೆಚ್ಚಿನ ದಾರಿಯನ್ನು ಮಲಗಿಸಿಡಬೇಕು. ಯಾವುದನ್ನು ಮಲಗಿಸಬೇಕು ಎಂಬುದನ್ನು ಸ್ವಿಚ್ಚುಗಳು ತಾವೇ ಮಾತಾಡಿಕೊಂಡು ಗೊತ್ತುಮಾಡುತ್ತವೆ. ಆ ಕಟ್ಟಳೆಯ ಹೆಸರು ಸ್ಪ್ಯಾನಿಂಗ್ ಟ್ರೀ.

ಕಟ್ಟಳೆ ಬಹಳ ಸರಳ. ಪ್ರತಿ ಸ್ವಿಚ್ಚಿಗೂ ಒಂದು ನಂಬರು. ಎಲ್ಲರಿಗಿಂತ ಸಣ್ಣ ನಂಬರಿನವನು ಯಜಮಾನ. ಅವನು ಎರಡು ಸೆಕೆಂಡಿಗೊಮ್ಮೆ 'ನಾನಿದ್ದೇನೆ' ಎಂದು ಕೂಗುತ್ತಿರಬೇಕು. ಉಳಿದವರು ಅವನಿಗೆ ಹತ್ತಿರವಾದ ದಾರಿ ಇಟ್ಟುಕೊಂಡು ಮಿಕ್ಕಿದ್ದನ್ನು ಮಲಗಿಸುತ್ತಾರೆ. ಇಪ್ಪತ್ತು ಸೆಕೆಂಡು ಕೂಗು ಕೇಳದಿದ್ದರೆ ಯಜಮಾನ ಸತ್ತನೆಂದು ಲೆಕ್ಕ. ಆಗ ಹೊಸ ಯಜಮಾನ, ಹೊಸ ದಾರಿ. ದಾರಿ ತೆರೆಯುವ ಮೊದಲು ಹದಿನೈದು ಸೆಕೆಂಡು ಕಿವಿಗೊಟ್ಟು ಕೇಳುತ್ತವೆ, ಇನ್ನು ಹದಿನೈದು ಸೆಕೆಂಡು ಯಾರು ಎಲ್ಲಿದ್ದಾರೆಂದು ಕಲಿಯುತ್ತವೆ. ಆ ಮೂವತ್ತು ಸೆಕೆಂಡು ಯಾರ ಸುದ್ದಿಯೂ ದಾಟುವುದಿಲ್ಲ. ಇದಕ್ಕಿಂತ ಚುರುಕಾದ ಕಟ್ಟಳೆ ಬಂದು ಯಾವ ಕಾಲವಾಯಿತೋ. ಆದರೆ ಪಟ್ಟಿಗಳ ಮನೆ ಡಬ್ಬಿಗಳಿಗೆ ಹಳೆಯದಷ್ಟೇ ಗೊತ್ತು. ಆ ಡಬ್ಬಿ ಬದಲಿಸಿಕೊಡಿ ಎಂದು ನಾನು ಬರೆದ ಅರ್ಜಿಗಳನ್ನು ಒಟ್ಟುಮಾಡಿದರೆ ಒಂದು ಹೊತ್ತಿನ ಅಡುಗೆಗೆ ಉರುವಲಾಗುತ್ತದೆ.

ಹಿರೇಮನುಷ್ಯ ನಮ್ಮ ಮೊದಲ ಸ್ವಿಚ್ಚು. ನನಗೆ ಕೆಲಸ ಕಲಿಸಿದ ಕರಿಬಸಪ್ಪ ಮೇಷ್ಟ್ರು ತಮ್ಮ ಕೈಯಾರೆ ಕೂರಿಸಿದ್ದು. ಅಕ್ಕನ ಪಟ್ಟಿಗೆ ಮೊದಲ ಉಸಿರು ದಾಟಿದ್ದು ಅದರ ಮೂಲಕ. ಎಂದಿಗೂ ಅದೇ ಯಜಮಾನನಾಗಿರಲಿ ಎಂದು ಮೇಷ್ಟ್ರು ಅದಕ್ಕೆ ಸೊನ್ನೆ ನಂಬರು ಬರೆದಿದ್ದರು. ಸೊನ್ನೆಗಿಂತ ಸಣ್ಣದಿಲ್ಲವಲ್ಲ. ಆರು ವರ್ಷದ ಹಿಂದೆ ದೊಡ್ಡ ಸ್ವಿಚ್ಚುಗಳು ಬಂದಾಗ ಅದನ್ನು ಇಳಿಸಿ ಬೀರುವಿನ ಮೇಲಿಟ್ಟೆವು. ನಂಬರು ಅಳಿಸಲು ಒಂದು ನಿಮಿಷ ಸಾಕಿತ್ತು. ಆ ವರ್ಷವೇ ಮೇಷ್ಟ್ರು ಹೋಗಿದ್ದರು. ಅವರು ಬರೆದದ್ದೆಂದು ಉಳಿದದ್ದು ಅದೊಂದೇ. ತೀರಿಹೋದ ಗುರುವಿನ ಕೈಬರಹವನ್ನು ಯಾವ ಕಸುಬಿನವನು ಅಳಿಸುತ್ತಾನೆ? ನಾನು ಅಳಿಸಲಿಲ್ಲ.

ನಮ್ಮ ಕಡೆ ಆಯುಧ ಪೂಜೆಯಲ್ಲಿ ಕಸುಬಿನ ಮೊದಲ ಆಯುಧಕ್ಕೆ ಮೊದಲ ಪೂಜೆ. ಲಾರಿ ಶೆಡ್ಡಿನಲ್ಲಿ ಅಜ್ಜನ ಕಾಲದ ಪಾನಾ, ದರ್ಜಿಯ ಅಂಗಡಿಯಲ್ಲಿ ತುಕ್ಕು ಹಿಡಿದ ಕತ್ತರಿ. ಅದನ್ನು ಬರೀ ಇಟ್ಟರೆ ಆಗದು, ಒಂದು ಸಲವಾದರೂ ಆಡಿಸಬೇಕು. ಸತ್ತ ಆಯುಧಕ್ಕೆ ಆರತಿ ಎತ್ತಬಾರದು ಎಂಬ ಮಾತಿದೆ. ಹಾಗಾಗಿ ನಾವು ವರ್ಷಕ್ಕೊಮ್ಮೆ ಹಿರಿಯನನ್ನು ಇಳಿಸಿ, ಒರೆಸಿ, ಕರೆಂಟು ಕೊಟ್ಟು, ಒಂದು ಹಸಿರು ದೀಪ ಹತ್ತಿದ ಮೇಲೆ ಆರತಿ ಎತ್ತಿ ಮತ್ತೆ ಬೀರುವಿನ ಮೇಲಿಡುತ್ತಿದ್ದೆವು. ಐದು ವರ್ಷ ಹಾಗೆಯೇ ಮಾಡಿದ್ದೆವು, ಏನೂ ಆಗಿರಲಿಲ್ಲ.

ಹನ್ನೊಂದು ಗಂಟೆಗೆ ಪೂಜೆ. ಕಂಟ್ರೋಲ್ ರೂಮಿನಲ್ಲಿ ನಾನು ಮತ್ತು ನನ್ನ ಜೊತೆಯ ಇಂಜಿನಿಯರ್ ಶಾಹಿದಾ ಇಬ್ಬರೇ. ಶಾಹಿದಾ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ನನಗಿಂತ ಎರಡು ಪಟ್ಟು ಚುರುಕು. ಪ್ರತಿ ವರ್ಷ ಬೂದುಗುಂಬಳಕಾಯಿ ಆರಿಸಿ ತರುವವಳು ಅವಳೇ. ನಾನು ಹಿರಿಯನಿಗೆ ಹಾರ ಹಾಕಿ ಫೋನಿನಲ್ಲಿ ಅಕ್ಕನಿಗೆ ತೋರಿಸಿದೆ. ಮನೆಯ ಪರದೆಯ ಮುಂದೆ ಅಕ್ಕ ಹೊಸ ಸೀರೆ ಉಟ್ಟು ಕೂತಿದ್ದಳು.

"ಹೂಂ, ಹಾರ ಚಲೋ ಐತಿ. ಆದ್ರ... ಒಂದ ಕಣ್ಣು ಬಿಟ್ಟಾನಲ್ಲೋ... ಆಗೆಲ್ಲಾ ಸಾಲಾಗಿ... ಮಿಣಿಮಿಣಿ ಮಿಣುಕತಿದ್ದ."

"ಅದಕ್ಕ ತಂತಿ ಹಾಕಬೇಕವಾ. ಬರೇ ಕರೆಂಟಿಗೆ ಮಿಣುಕಂಗಿಲ್ಲ."

"ಮತ್ತ ಹಾಕು. ನೀ ಏನ... ಕಲ್ತಿದ್ದು? ಒಂದ ಗಳಿಗಿ... ನೋಡಬೇಕನಸೈತಿ."

ಒಂದು ಗಳಿಗೆ. ಅಷ್ಟೇ ಕೇಳಿದ್ದಳು. ಹಬ್ಬದ ದಿನ, ಅಷ್ಟು ಆಸೆಯಿಂದ ಕೇಳಿದಾಗ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಪಕ್ಕದಲ್ಲೇ ಎರಡು ತಂತಿ ಬಿಡುವಾಗಿದ್ದವು. ಒಂದು ಲೆಕ್ಕದ ಯಂತ್ರದ ಕಡೆಯ ಸ್ವಿಚ್ಚಿನದು, ಇನ್ನೊಂದು ಊರ ಕಡೆಯ ಸ್ವಿಚ್ಚಿನದು. ಎರಡೂ ಚುಚ್ಚಿದೆ. ಎರಡು ಸಾಲೂ ಮಿಣುಕಬೇಕೆಂದೇ ಎರಡು ಹಾಕಿದ್ದು. ಶಾಹಿದಾ ಹೊರಗೆ ಕುಂಬಳಕಾಯಿಗೆ ಕುಂಕುಮ ತುಂಬುತ್ತಿದ್ದಳು. ಅವಳಿದ್ದಿದ್ದರೆ ಕೈ ಹಿಡಿಯುತ್ತಿದ್ದಳೋ ಏನೋ.

ಪರದೆಯ ಮೇಲೆ ಅಕ್ಕನ ಮುಖ ಅರ್ಧ ನಿಮಿಷ ನಿಂತುಬಿಟ್ಟಿತು. ಹಬ್ಬ, ಊರೆಲ್ಲ ವಿಡಿಯೋ ಕಾಲಿನಲ್ಲಿದೆ, ಅದಕ್ಕೇ ಎಂದುಕೊಂಡೆ, ಬೆನ್ನ ಹಿಂದಿನ ಗೋಡೆಯ ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಮುಖ ಅಲುಗಿತು, ಹಿರಿಯನ ದೀಪಗಳೂ ಮಿಣುಕತೊಡಗಿದವು.

"ಹಾಂ! ಈಗ ನೋಡು... ಮದುಮಗ ಆದ" ಎಂದು ಅಕ್ಕ ನಕ್ಕಳು. ಪಟ್ಟಿಯವರ ನಗು ಒಂದೇ ಉಸಿರಿನದು, 'ಹ' ಎಂದು ಮುಗಿದುಹೋಗುತ್ತದೆ. ಅದನ್ನು ಕೇಳಿ ನನಗೂ ಖುಷಿಯಾಯಿತು. ಈರಮ್ಮ ಪರದೆಗೆ ಮುಖ ಕೊಟ್ಟು, "ಅಣ್ಣನ ಲಾರಿ ಪೂಜಿ ಐತಿ, ಓಣಿ ತುದೀಗೆ ಹಿಂಗ ಹೋಗಿ ಹಂಗ ಬರ್ತೀನಿ. ಅಕ್ಕನ್ನ ನೀವ ನೋಡ್ಕೊಂತಿರ್ರಿ" ಎಂದು ಹೇಳಿ ಹೋದಳು. ತಂತಿ ಕೀಳುವುದು ನನಗೆ ಮರೆತುಹೋಯಿತು. ಇನ್ನೂ ಮಂಗಳಾರತಿ ಆಗಿರಲಿಲ್ಲ, ಆಗಲಿ ಎಂದುಕೊಂಡೆನೇನೋ. ಈಗ ನೆನಪಿಗೆ ಬರುತ್ತಿಲ್ಲ.

ಕಾಲು ಗಂಟೆ ಕಳೆದಿರಬೇಕು. ಗೋಡೆಯ ದೊಡ್ಡ ಪರದೆಯಲ್ಲಿ ಮುನ್ನೂರ ಹನ್ನೆರಡು ಹಸಿರು ಚುಕ್ಕಿಗಳಿರುತ್ತವೆ, ಒಬ್ಬೊಬ್ಬರಿಗೆ ಒಂದೊಂದು. ಅಷ್ಟೂ ಒಮ್ಮೆಗೇ ಹಳದಿಯಾದವು.

"ಯಾ ಅಲ್ಲಾ" ಎಂದಳು ಆರತಿಗೆಂದು ಒಳಗೆ ಬಂದಿದ್ದ ಶಾಹಿದಾ. ಕೈಯಲ್ಲಿದ್ದ ಕರ್ಪೂರದ ತಟ್ಟೆ ಕೆಳಗೆ ಬಿತ್ತು.

ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಹಳದಿಯಾಗಿದ್ದು, ಚುಕ್ಕಿಗಳು ಒಂದೊಂದಾಗಿ ಹಸಿರಾದವು. ಪಟ್ಟಿಗಳು ಬುತ್ತಿ ತಿಂದುಕೊಂಡು ನಲವತ್ತು ಸೆಕೆಂಡು ನಡೆಸಿದ್ದವು. ಕೊನೆಯ ಹದಿನೈದು ಇಪ್ಪತ್ತು ಸೆಕೆಂಡು ಮಾತ್ರ ಉಸಿರಿಲ್ಲ. ಅಷ್ಟನ್ನು ಎಲ್ಲರೂ ತಡೆದುಕೊಂಡಿದ್ದರು. ಆದರೆ ಬುತ್ತಿ ಖಾಲಿ.

ಶಾಹಿದಾ ಆಗಲೇ ಕೀಲಿಮಣೆಯ ಮುಂದೆ ಕೂತಿದ್ದಳು. ಊರಿನ ಸ್ವಿಚ್ಚುಗಳನ್ನು ಒಂದೊಂದಾಗಿ ನಿಮ್ಮ ಯಜಮಾನ ಯಾರು ಎಂದು ಕೇಳಿದಳು. "ಗಾದಣ್ಣ, ಯಜಮಾನ ಬದಲಾಗ್ಯಾನ. ಎಲ್ಲಾ ಕಡಿ ಸೊನ್ನೆ ಅಂತ ಬರಕತ್ತೈತಿ. ನಮ್ಮಲ್ಲಿ ಸೊನ್ನೆ ಯಾರದೈತಿ?"

ನಾನು ಪೂಜೆಯ ಮೇಜಿನ ಕಡೆ ನೋಡಿದೆ. ಅವಳೂ ನೋಡಿದಳು.

ಹೇಳಬೇಕಾದ ಅಗತ್ಯವೇ ಇರಲಿಲ್ಲ. ನಾನು ತಂತಿ ಚುಚ್ಚಿದ ಕೂಡಲೇ ಹಿರಿಯ 'ನಾನಿದ್ದೇನೆ, ಸೊನ್ನೆ' ಎಂದು ಕೂಗಿದ್ದ. ಊರಿಗೆ ಊರೇ ತಲೆಬಾಗಿತ್ತು. ಅವನ ಎರಡೂ ಪಕ್ಕದ ದೊಡ್ಡ ಸ್ವಿಚ್ಚುಗಳು ಯಜಮಾನನಿಗೆ ಹತ್ತಿರದ ದಾರಿ ಹಿಡಿದು, ತಮ್ಮ ನಡುವೆ ಇದ್ದ ದಪ್ಪ ಫೈಬರನ್ನು ಹೆಚ್ಚಿನ ದಾರಿ ಎಂದು ಮಲಗಿಸಿದ್ದವು. ಊರಿನ ಉಸಿರು, ಫೋನು, ಹಬ್ಬದ ವಿಡಿಯೋ ಎಲ್ಲ ಆ ಮುದಿ ಡಬ್ಬಿಯ ಮೂಲಕವೇ ಹರಿಯುತ್ತಿತ್ತು. ಕಾಲು ಗಂಟೆ ಆ ಹೊರೆ ಹೊತ್ತು ಸಾಕಾಗಿ ಅವನು ಕೂಗುವುದನ್ನೇ ನಿಲ್ಲಿಸಿದ್ದ. ಸತ್ತನೆಂದು ಉಳಿದವರು ಏಳುತ್ತಿದ್ದಂತೆ ಸುಧಾರಿಸಿಕೊಂಡು ಮತ್ತೆ 'ಸೊನ್ನೆ' ಎಂದು ಬಂದು ಕೂತಿದ್ದ. ತಪ್ಪು ಯಾರದೂ ಅಲ್ಲ, ಸ್ವಿಚ್ಚುಗಳೆಲ್ಲ ಕಟ್ಟಳೆಯ ಪ್ರಕಾರವೇ ನಡೆದಿದ್ದವು. ತಪ್ಪು ನನ್ನದೊಂದೇ.

"ಕಿತ್ತು ಬಿಡ್ರಿ ಅಣ್ಣ, ಈಗಿಂದೀಗ" ಎಂದಳು ಶಾಹಿದಾ. "ನಾವ ಕಿತ್ರ ಪಕ್ಕದ ಸ್ವಿಚ್ಚಿಗೆ ಕೂಡ್ಲೇ ಗೊತ್ತಾಗ್ತದ, ಮೂವತ್ತು ಸೆಕೆಂಡಿಗೆ ದಾರಿ ತೆರೀತದ. ತಾನಾಗಿ ಬಿದ್ರ ಇಪ್ಪತ್ತು ಕಾದು ಆಮ್ಯಾಗ ಮೂವತ್ತು. ಐವತ್ತು!"

"ಬುತ್ತಿ ಖಾಲಿ ಐತವಾ. ಮೂವತ್ತಾದ್ರೂ ಉಸಿರಿಲ್ಲದ ಮೂವತ್ತು."

"ಮೂವತ್ತು ತಡೀತಾರ."

"ಎಲ್ಲಾರೂ ತಡೀತಾರಂತ ಬರಕೊಡ್ತೀಯೇನು?" ನಾನು ಅವಳ ಮೇಲೆ ರೇಗಿದೆ. "ಮೊದ್ಲು ಮನಿಮನಿಗೆ ಸುದ್ದಿ ಕಳಿಸು. ಗಾಳಿಚೀಲ ಹಿಡಕೊಳ್ಳಲಿ. ಎರಡು ನಿಮಿಷ. ಆಮ್ಯಾಗ ಕೀಳ್ತೀನಿ."

ಅತ್ತ ದರಿ, ಇತ್ತ ಪುಲಿ. ಹೇಳದೆ ಕಿತ್ತರೆ ಮೂವತ್ತು ಸೆಕೆಂಡು ಯಾರ ಕೈಯಲ್ಲೂ ಗಾಳಿಚೀಲ ಇರುವುದಿಲ್ಲ. ಹೇಳಿ ಕೀಳೋಣವೆಂದರೆ ಅಷ್ಟರೊಳಗೆ ಮುದುಕ ಮತ್ತೆ ಬಿದ್ದರೆ ಐವತ್ತು. ಮುನ್ನೂರ ಹನ್ನೆರಡು ಮಂದಿಯ ಹಿತಕ್ಕೆಂದೇ ಕಾದೆ ಎಂದು ವಿಚಾರಣೆಯಲ್ಲಿ ಬರೆದುಕೊಟ್ಟಿದ್ದೇನೆ. ಅದು ಅರ್ಧ ಸತ್ಯ. ನಿಜವೆಂದರೆ ಈರಮ್ಮ ಮನೆಯಲ್ಲಿರಲಿಲ್ಲ. ಗೋಡೆಯ ಗಾಳಿಚೀಲವನ್ನು ಅಕ್ಕ ತಾನೇ ಹಿಚುಕಿಕೊಳ್ಳಲಾರಳು. ಈರಮ್ಮ ಬರುವ ತನಕ ನನ್ನ ಕೈ ತಂತಿಯ ಹತ್ತಿರ ಹೋಗಲಿಲ್ಲ.

ಶಾಹಿದಾ ಸುದ್ದಿ ಕಳಿಸತೊಡಗಿದಳು. ಒಂದೊಂದು ಸುದ್ದಿಯೂ ಹೋಗಬೇಕಾದದ್ದು ಆ ಮುದುಕನ ಮೂಲಕವೇ. ಊರಿನ ಜನರೂ ಗಾಬರಿಯಿಂದ ಒಬ್ಬರಿಗೊಬ್ಬರು ಫೋನು ಮಾಡತೊಡಗಿದ್ದರು, ಅದೂ ಅವನ ಮೂಲಕವೇ. ನಾನೂ ಈರಮ್ಮನಿಗೆ ಮಾಡಿದೆ. ಲಾರಿ ಹಾರನ್ನಿನ ಗದ್ದಲದಲ್ಲಿ ಅವಳಿಗೆ ಕೇಳಲಿಲ್ಲ. ಮನೆಗೆ ಮಾಡಿದೆ. ಅಕ್ಕ ಎತ್ತಿದಳು.

"ಅಕ್ಕಾ, ಈರಮ್ಮ ಬಂದ್ಲಾ?"

"ಇಲ್ಲೋ. ಯಾಕ... ದನಿ ನಡಗಕತ್ತೈತಿ?"

"ಏನಿಲ್ಲ. ಪಕ್ಕದ ಮನಿಯವರನ್ನ ಯಾರನ್ನರ ಕೂಗು. ಗಾಳಿಚೀಲ ಹಿಡಕೊಂಡು ನಿನ್ನ ಹಂತೇಲಿ ಕುಂದರಲಿ."

"ಓಣಿಗೆ ಓಣೀನ... ಲಾರಿ ಪೂಜಿಗೆ ಹೋಗೈತಿ. ಆಗ ಒಂದೀಟು... ಎದಿ ಹಿಡದಂಗಾತು. ಈಗ... ಆರಾಮ ಅದೀನಿ."

"ಬಾಗಲಿಗೆ ಹೋಗಿ ಕೂಗು ಅಕ್ಕಾ, ಜಲ್ದಿ."

"ಹೋಗ್ತೀನಿ ತಡಿಯೋ. ನೀ... ಅಂಜಬ್ಯಾಡ. ನೀ ಅದೀಯಲ್ಲ..."

ಮಾತು ನಿಂತಿತು. ನಾನು ಕಾದೆ. ಮುಂದಿನ ಉಸಿರು ಬರಲಿ, ಮಾತು ಮುಗಿಸುತ್ತಾಳೆ ಎಂದು ಕಾದೆ. ನಮ್ಮೂರಲ್ಲಿ ಎಲ್ಲರೂ ಕಾಯುತ್ತಾರೆ, ಹದಿನೆಂಟು ವರ್ಷದಿಂದ ನಾನೂ ಹಾಗೆಯೇ ಕಾದಿದ್ದೇನೆ, ಆ ಅಭ್ಯಾಸ ಮೈಯಲ್ಲಿ ಇಳಿದುಬಿಟ್ಟಿದೆ. ಚುಕ್ಕಿಗಳೂ ಹಸಿರಾಗಿಯೇ ಇದ್ದವು. ಇಪ್ಪತ್ತು ಸೆಕೆಂಡು ಸುದ್ದಿ ಬರದ ಮೇಲಷ್ಟೇ ಅವು ಹಳದಿಯಾಗುವುದು ಎಂಬುದು ಆ ಹೊತ್ತಿನಲ್ಲಿ ನನ್ನ ತಲೆಗೆ ಹೊಳೆಯಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಮರ್ಯಾದೆಯಿಂದ ಕಾಯುತ್ತಾ ನಿಂತಿದ್ದೆ.

"ಅಣ್ಣಾ ಬಿತ್ತು! ಕೀಳ್ರಿ!" ಶಾಹಿದಾ ಕಿರುಚಿದಳು. ಚುಕ್ಕಿಗಳೆಲ್ಲ ಹಳದಿ.

ಎರಡೂ ತಂತಿ ಕಿತ್ತೆ. ಚೆಂಡುಹೂವಿನ ಹಾರವೂ ಜೊತೆಗೇ ಹರಿದು ಬಂತು. ಅಷ್ಟರಲ್ಲಿ ಇಪ್ಪತ್ತು ಕಳೆದಿತ್ತು. ಇನ್ನು ಮೂವತ್ತು.

ಆ ಮೂವತ್ತು ಸೆಕೆಂಡು ನಾನು ಏನು ಮಾಡಿದೆ ಎಂದು ವಿಚಾರಣೆಯವರು ಕೇಳಿದರು. ಏನೂ ಮಾಡಲಿಲ್ಲ ಸ್ವಾಮಿ. ಮಾಡಲು ಏನೂ ಇರಲಿಲ್ಲ. ಹದಿನೈದು ಸೆಕೆಂಡು ಸ್ವಿಚ್ಚುಗಳು ಕೇಳುತ್ತವೆ, ಹದಿನೈದು ಸೆಕೆಂಡು ಕಲಿಯುತ್ತವೆ. ಕೈ ಮುಗಿದರೂ ಅಷ್ಟೇ, ಒದ್ದರೂ ಅಷ್ಟೇ. ಮನೆ ಮೂರು ಕಿಲೋಮೀಟರು ದೂರ. ನಾನು ಗೋಡೆಗೆ ತಲೆ ಆನಿಸಿ ಎಣಿಸಿದೆ. ಶಾಹಿದಾ ನನ್ನ ತೋಳು ಹಿಡಿದುಕೊಂಡು ಅಳುತ್ತಿದ್ದಳು.

ಮೂವತ್ತಕ್ಕೆ ಸರಿಯಾಗಿ ಹಸಿರು ಹರಿದುಬಂತು. ಹತ್ತು, ಐವತ್ತು, ಇನ್ನೂರು. ಶಾಹಿದಾ ಕಣ್ಣೊರೆಸಿಕೊಂಡು ಎಣಿಸಿದಳು. "ಮುನ್ನೂರಾ ಹನ್ನೆರಡು! ಎಲ್ಲಾರೂ ಬಂದ್ರು ಅಣ್ಣಾ, ಒಬ್ರೂ ತಪ್ಪಿಲ್ಲ!" ಅಕ್ಕನ ಚುಕ್ಕಿಯೂ ಹಸಿರು. ನಿಮಿಷಕ್ಕೆ ಹದಿನಾಲ್ಕು ಉಸಿರು, ಗಡಿಯಾರದ ಹಾಗೆ. ನಾನು ನೆಲದ ಮೇಲೆ ಕೂತು ನಕ್ಕೆ. ಜೀವನದಲ್ಲಿ ಅಷ್ಟು ನಿರಾಳವಾಗಿ ನಕ್ಕದ್ದಿಲ್ಲ. ಹತ್ತು ನಿಮಿಷದ ಮೇಲೆ ಈರಮ್ಮನ ಫೋನು ಬಂತು.

"ರೀ, ಅಕ್ಕ ಬಾಗಲ ಹಂತೇಲಿ ಬಿದ್ದಾಳ. ಉಸಿರಾಡಕತ್ತಾಳ, ಎದಿ ಏಳಕತ್ತೈತಿ. ಆದ್ರ ಎಷ್ಟು ಕರದ್ರೂ ಓ ಅನವಲ್ಲಳ್ರೀ."

ಹಸಿರು ಚುಕ್ಕಿ ಎಂದರೆ ಪಟ್ಟಿ ನಡೆಯುತ್ತಿದೆ ಎಂದಷ್ಟೇ ಅರ್ಥ. ಒಳಗೆ ಮನುಷ್ಯರಿದ್ದಾರೋ ಇಲ್ಲವೋ ಪಟ್ಟಿಗೆ ಗೊತ್ತಾಗುವುದಿಲ್ಲ. ಡಾಕ್ಟರು ಸಂಜೆಯವರೆಗೆ ಮನೆಮನೆ ತಿರುಗಿ ನೋಡಿದರು. ಸುದ್ದಿ ತಲುಪಿದ ಮನೆಗಳಲ್ಲಿ ಗಾಳಿಚೀಲ ಹಿಚುಕಿ ಉಳಿಸಿಕೊಂಡಿದ್ದರು. ಗಟ್ಟಿ ಜೀವದವರು ತಾವೇ ತಡೆದುಕೊಂಡಿದ್ದರು. ಮೂವರು ಮಾತ್ರ ಬರೀ ಉಸಿರಾಗಿ ಉಳಿದಿದ್ದರು. ಅಕ್ಕ ಮೂರನೆಯವಳು.

"ಮೂವತ್ತು ಸೆಕೆಂಡಾಗಿದ್ರೆ ತಡಕೊಳ್ತಿದ್ರು. ಐವತ್ತು ಜಾಸ್ತಿ ಆಯ್ತು" ಎಂದರು ಡಾಕ್ಟರು. ಅವರಿಗೇನು ಗೊತ್ತು ನಾನು ಯಾಕೆ ಕಾದೆ ಎಂದು. ಈರಮ್ಮನಿಗೆ ಗೊತ್ತಾಯಿತು. ತಾನು ಮನೆಯಲ್ಲಿರಬೇಕಿತ್ತು ಎಂದು ಅವಳು ಅತ್ತಳು, ನಾನು ತಂತಿ ಹಾಕಬಾರದಿತ್ತು ಎಂದು ನಾನು ಅತ್ತೆ. ಒಬ್ಬರ ತಪ್ಪನ್ನು ಇನ್ನೊಬ್ಬರು ಕಡಿಮೆ ಮಾಡಲು ಆಗಲಿಲ್ಲ.

ನಾನೇ ಚುಚ್ಚಿದೆ ಎಂದು ವಿಚಾರಣೆಯಲ್ಲಿ ಬರೆದುಕೊಟ್ಟೆ. ಕೆಲಸದಿಂದ ತೆಗೆಯುತ್ತಾರೆ, ಜೈಲಿಗಾದರೂ ಕಳಿಸುತ್ತಾರೆ ಎಂದುಕೊಂಡಿದ್ದೆ. ನಮ್ಮಿಬ್ಬರನ್ನು ಬಿಟ್ಟರೆ ಈ ಹಳೆಯ ಕಟ್ಟಳೆ ಗೊತ್ತಿರುವವರು ಬೇರೆ ಯಾರೂ ಸಿಗಲಿಲ್ಲವಂತೆ, ನನ್ನನ್ನು ಉಳಿಸಿಕೊಂಡರು. ಇನ್ನು ಮುಂದೆ ಪೂಜೆಗೆ ಯಂತ್ರಗಳಿಗೆ ಕರೆಂಟು ಕೊಡಕೂಡದು ಎಂದು ಒಂದು ಸುತ್ತೋಲೆ ಬಂತು. ಅಷ್ಟೇ.

ಪಟ್ಟಿಯನ್ನು ಮನೆಯವರು ಮೈಯಿಂದ ಬಿಚ್ಚಿದರೆ ಅದು ಕೊಲೆ, ಗುಡ್ಡದ ಮೇಲಿಂದ ಆ ಮನೆಯ ದಾರಿಯನ್ನು ಮಲಗಿಸಿದರೆ ಚಿಕಿತ್ಸೆ ಮುಗಿದಂತೆ. ಕಾನೂನು ಹಾಗಿದೆ. ವಾರದ ಮೇಲೆ ಉಳಿದ ಎರಡು ಮನೆಯವರು ಸಹಿ ಮಾಡಿದ ಕಾಗದ ತಂದರು. ಆ ಎರಡು ದಾರಿಗಳನ್ನು ನಾನೇ ಮಲಗಿಸಿದೆ. ಒಂದೊಂದಕ್ಕೂ ಒಂದೇ ಸಲ ಆಜ್ಞೆ ಬರೆದೆ. ಹೊಸ ಪಟ್ಟಿಗಳನ್ನು ಈಗ ಎಲ್ಲೂ ಮಾಡುವುದಿಲ್ಲ, ಒಬ್ಬರಿಂದ ಬಿಡುವಾದದ್ದು ಇನ್ನೊಬ್ಬರಿಗೆ. ಆ ಎರಡೂ ಸರದಿಯಲ್ಲಿ ಮೊದಲಿದ್ದ ಇಬ್ಬರಿಗೆ ಹೋದವು. ಮೂರನೆಯ ಸರದಿ ಹಿಂದಿನ ಓಣಿಯ ಓಬಳೇಶನದು. ನಲವತ್ತೂ ದಾಟದ ಆಳು. ಅವನ ಹೆಂಡತಿ ದುರುಗಮ್ಮ ಹಗಲೂ ಇರುಳೂ ಗಾಳಿಚೀಲ ಹಿಚುಕಿ ಹಿಚುಕಿ ಅವಳ ಹೆಬ್ಬೆರಳು ಬಾತುಹೋಗಿತ್ತು. ಅವಳು ಒಂದು ದಿನವೂ ನಮ್ಮ ಮನೆಗೆ ಬಂದು ಕೇಳಲಿಲ್ಲ.

ಹದಿನೆಂಟನೆಯ ದಿನ ಡಾಕ್ಟರ ಕಾಗದಕ್ಕೆ ಸಹಿ ಮಾಡಿ ನಾನು ಗುಡ್ಡ ಹತ್ತಿದೆ. ನಾ ಮಾಡ್ಲಾ ಅಣ್ಣಾ ಎಂದಳು ಶಾಹಿದಾ. ಬೇಡವೆಂದೆ. ಒಂದೇ ಸಾಲಿನ ಆಜ್ಞೆ. ಬೆರಳಚ್ಚು ಮಾಡಿ ಈರಮ್ಮನಿಗೆ ಫೋನು ಹಚ್ಚಿ, ಅಕ್ಕನ ಕಿವಿಗೆ ಹಿಡಿ ಎಂದೆ.

"ಅಕ್ಕಾ, ನಂದ ತಪ್ಪು. ನೀ ಆಸೆಪಟ್ಟಿ ಅಂತ ತಂತಿ ಹಾಕಿದೆ. ಆಮ್ಯಾಗ ಕೀಳಬೇಕಾದ ಹೊತ್ತಿಗೆ ಕೀಳಲಿಲ್ಲ. ಹೋಗಿ ಬಾರವಾ" ಎಂದೆ.

ಈರಮ್ಮ ಫೋನು ತೆಗೆದುಕೊಂಡಳು. ದನಿ ಬೇರೆಯಾಗಿತ್ತು. "ರೀ, ತಡೀರಿ. ಅಕ್ಕನ ಕಣ್ಣಾಗ ನೀರು ಬಂತ್ರೀ."

ಕಣ್ಣೀರು ತಾನಾಗಿ ಬರುತ್ತದೆ, ಅದಕ್ಕೆ ಅರ್ಥವಿಲ್ಲ ಎಂದರು ಡಾಕ್ಟರು. ನಿಜವೇ ಇರಬೇಕು. ಅಷ್ಟು ಓದಿದವರು ಸುಳ್ಳು ಯಾಕೆ ಹೇಳುತ್ತಾರೆ? ನಾನು ಬರೆದದ್ದನ್ನು ಅಳಿಸಿ ಮನೆಗೆ ಬಂದೆ. ಮಾರನೆಯ ವಾರ ಮತ್ತೆ ಬರೆದೆ, ಮತ್ತೆ ಅಳಿಸಿದೆ. ಓಬಳೇಶ ಮಾಗಿಯ ಚಳಿಯಲ್ಲಿ ಹೋದ. ಮಣ್ಣಿಗೆ ಹೋಗಿ ಬಂದೆ. ಮನೆಗೆ ಬಂದು ಸ್ನಾನ ಮಾಡಿ ಅಕ್ಕನ ಪಕ್ಕದಲ್ಲಿ ಕೂತೆ. ಎದೆ ಏಳುತ್ತಿತ್ತು, ಇಳಿಯುತ್ತಿತ್ತು.

ಈ ವರ್ಷ ವಿಜಯದಶಮಿಯ ಸಂಜೆ ಜನ ಮನೆಮನೆಗೆ ಬನ್ನಿ ಕೊಡಲು ಹೊರಟಾಗ ದುರುಗಮ್ಮ ನಮ್ಮ ಮನೆಗೂ ಬಂದಳು. ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಈರಮ್ಮನಿಗೆ ಬನ್ನಿ ಕೊಟ್ಟಳು, ನನಗೆ ಕೊಟ್ಟಳು. ಆಮೇಲೆ ಅಕ್ಕನ ಹಾಸಿಗೆಯ ಹತ್ತಿರ ಹೋಗಿ, ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯಲ್ಲಿ ಎಲೆ ಇಟ್ಟು ಮುಚ್ಚಿದಳು.

"ಬಂಗಾರದಂಗ ಇರೋಣಕ್ಕಾ" ಎಂದಳು.

ಅವಳು ಬೈಯಲಿ ಎಂದು ಕಾದೆ. ಎರಡು ಮಾತು ಉಗಿದಿದ್ದರೆ ನನ್ನ ಎದೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಅಕ್ಕನ ಸೊಂಟದ ಪಟ್ಟಿಯನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದವಳು ತಿಳಿದವನನ್ನು ಕೇಳುವ ಹಾಗೆ ಕೇಳಿದಳು.

"ನಮ್ಮವ್ರಿಗೂ ಇಂಥಾದೊಂದು ಪಟ್ಟಿ ಸಿಕ್ಕಿದ್ರ, ಇವತ್ತ ನನ್ನ ಜೋಡಿ ಬನ್ನಿ ಕೊಡಾಕ ಬರ್ತಿದ್ರು, ಅಲ್ರೀ ಗಾದಣ್ಣ?"

"ಬರ್ತಿದ್ದನವಾ" ಎಂದೆ.